ಒಮ್ಮೆ ಮಾತ್ರ ತೆಗೆದ ಅಳತೆ

ಊಟಿಯಲ್ಲಿ ನಾವು ಕೆಲವು ಹೆಂಗಸರು ನಡೆಸುವ ಸ್ವೆಟರ್ ಸೆಂಟರ್‌ನಲ್ಲಿ ಗಿರಾಕಿಗಳ ಅಳತೆಯೆಲ್ಲ ಒಂದು ಹಳೆಯ ಕಂಪ್ಯೂಟರ್ ಪ್ರೋಗ್ರಾಂನಲ್ಲಿದೆ. ಹೊಸದು ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ನೀಲಿ ಸ್ಕ್ರೀನ್ ಮೇಲೆ ಒಂಥರಾ ಅಫೆಕ್ಷನ್. ಈಗಿಲ್ಲದ ಗೆಳತಿಯೂ ನಾನೂ ಸರದಿಯ ಮೇಲೆ ಟೈಪ್ ಮಾಡಿ ತುಂಬಿಸಿದ್ದು ಅದು.

ಹೋದ ಚಳಿಗಾಲ, ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಆಮೇಲೆ ಒಬ್ಬರ ಹೆಸರು ಹುಡುಕಿದರೆ ಇನ್ನೊಬ್ಬರ ಅಳತೆ ಬರತೊಡಗಿತು. ಕೊನೆಗೆ ಅದೂ ನಿಂತು ಎರರ್ ಒಂದೇ ಉಳಿಯಿತು. ಬೇರೆಯವರನ್ನು ಕರೆದು ಮತ್ತೆ ಟೇಪ್ ಹಿಡಿಯಬಹುದಿತ್ತು, ಎಲ್ಲರೂ ಮಾವ ಎಂದು ಕರೆಯುವ, ಯಾರಿಗೂ ಮಾವನಲ್ಲದ ಒಬ್ಬ ಹಿರಿಯರನ್ನು ಬಿಟ್ಟು. ಅವರ ಬೆನ್ನು ಬಾಗಿ ಒಂದು ಭುಜ ತಗ್ಗಿದೆ, ಅಂಗಡಿಯ ಸ್ವೆಟರ್ ಕೂರುವುದಿಲ್ಲ. ವರ್ಷಗಳ ಹಿಂದೆ ಬಾಗಿಲು ಹಾಕಿಸಿ, ಗೋಡೆ ಕಡೆ ಮುಖ ಮಾಡಿ ನಿಂತು, ನನ್ನ ಗೆಳತಿಗೆ ಅಳತೆ ಕೊಟ್ಟಿದ್ದರು. "ಇನ್ನೊಂದ್ಸಲ ಕೇಳ್ಬೇಡಿ" ಎಂದಿದ್ದರು. ಈಗ ಅವರ ಆರ್ಡರ್ ಬಂದಿತ್ತು.

ಹತ್ತಿರದ ಕಟ್ಟಬೆಟ್ಟುವಿನಿಂದ ಒಬ್ಬಾಕೆಯನ್ನು ಕರೆಸಿ ವಿಷಯ ಹೇಳಿದೆ. ಟೀ ಫ್ಯಾಕ್ಟರಿಗಳ ಹಳೆ ಪ್ರೋಗ್ರಾಂಗಳನ್ನು ರಿಪೇರಿ ಮಾಡುವವಳು. ಮೊದಲು ಎಲ್ಲ ಫೈಲುಗಳ ಕಾಪಿ ತೆಗೆದು ಒರಿಜಿನಲ್ ಪಕ್ಕಕ್ಕಿಟ್ಟಳು.

"ಏನಮ್ಮ, ಮುದುಕಿ ಬದುಕ್ತಾಳಾ?" ಎಂದೆ.

"ಯಾವ ಮುದುಕಿ ಆಂಟಿ, ಕಂಪ್ಯೂಟರಾ?" ನಕ್ಕಳು. "ಅಳತೆ ಇರೋ ಟೇಬಲ್ ಬೇರೆ, ಹೆಸರು ಹುಡುಕಿಕೊಡೋ ಇಂಡೆಕ್ಸ್ ಬೇರೆ. ಇಂಡೆಕ್ಸ್ ಹೋದ್ರೆ ಹೋಗ್ಲಿ, ಹೊಸದು ಕಟ್ತೀನಿ. ಟೇಬಲ್ ಉಳಿದಿರ್ಬೇಕು ಅಷ್ಟೆ."

ಟೇಬಲ್‌ನ ತಲೆಯಲ್ಲಿ ಒಟ್ಟು ಎಷ್ಟು ಸಾಲು ಎಂಬ ಸಂಖ್ಯೆ ಇರುತ್ತದಂತೆ. ಕರೆಂಟ್ ಹೋದಾಗ ಅದು ಕೆಟ್ಟಿತ್ತು. ಪ್ರತಿ ಸಾಲಿನ ಉದ್ದವೂ ಒಂದೇ. ಹಾಗಾಗಿ ಫೈಲಿನ ಉದ್ದದಿಂದ ಲೆಕ್ಕ ಹಾಕಿ, ಆ ಸಂಖ್ಯೆಯೊಂದನ್ನೇ ತಿದ್ದಿದಳು. ಸ್ವೆಟರ್ ಪೂರ್ತಿ ಬಿಚ್ಚದೆ, ಜಾರಿದ ಒಂದೇ ಸ್ಟಿಚ್ ಎತ್ತಿಕೊಳ್ಳುವ ಕೈ ಅದು. ಬ್ಯೂಟಿಫುಲ್ ವರ್ಕ್, ನನಗೆ ಹೆಣಿಗೆ ಕಲಿಸಿದ ಕಾನ್ವೆಂಟ್‌ನ ಸಿಸ್ಟರ್‌ಗಳೂ ಮೆಚ್ಚುತ್ತಿದ್ದರು.

ಇಂಡೆಕ್ಸ್ ಇಲ್ಲದೆ ತೆರೆದಾಗ ಹೆಸರುಗಳು ಅಕ್ಷರಕ್ರಮ ಬಿಟ್ಟು, ನಾವು ಟೈಪ್ ಮಾಡಿದ ಕ್ರಮದಲ್ಲೇ ನಿಂತಿದ್ದವು. ಒಂದಷ್ಟು ನನ್ನವು, ಒಂದಷ್ಟು ಗೆಳತಿಯವು, ಮತ್ತೆ ನನ್ನವು. ಅವಳು ಎಲ್ಲವನ್ನೂ ಕ್ಯಾಪಿಟಲ್ಸ್‌ನಲ್ಲೇ ಹೊಡೆಯುತ್ತಿದ್ದಳು. ಅವಳ ಸಾಲುಗಳ ನಡುವೆ ಆ ಮಾವನ ಹೆಸರು ಕಂಡಿತು.

ರಿಪೇರಿಯವಳು ತಕ್ಷಣ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ತಾನು ಕಿಟಕಿಯಾಚೆ ನೋಡಿದಳು. "ಸಾಲು ಸರಿಯಿದ್ಯಾ ನೀವೇ ನೋಡಿ ಆಂಟಿ. ಅವ್ರ ಅಳತೆ ನನಗ್ಯಾಕೆ."

ಸರಿಯಿತ್ತು. ಎಡಭುಜಕ್ಕೊಂದು, ಬಲಭುಜಕ್ಕೊಂದು. ಬರೆದುಕೊಂಡೆ. ಆಕೆ ಹೊಸ ಇಂಡೆಕ್ಸ್ ಕಟ್ಟಿದೊಡನೆ ಗೆಳತಿಯ ಸಾಲುಗಳು ಮತ್ತೆ ಅಕ್ಷರಕ್ರಮದ ಹೆಸರುಗಳ ನಡುವೆ ಚದುರಿಹೋದವು. ನಾನು ಕಂದು ಉಲ್ಲನ್ ಆರಿಸಿ, ತಗ್ಗಿದ ಭುಜದ ಕಡೆಯಿಂದ ಹೆಣೆಯಲು ಕೂತೆ.