ಸುಬ್ಬಮ್ಮ ಬಟ್ಟೆ ಕೊಡವುವುದಿಲ್ಲ

ನಾಳೆಯಿಂದ ಕೆಲಸಕ್ಕೆ ಹೋಗಬೇಕು, ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು? ಹಲ್ಲುಜ್ಜುವಾಗಲೂ ಅದೇ, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ. ಸ್ಪಂದನಳಿಗೆ ಈ ಒಂದು ಯೋಚನೆ ಜಿಗಣೆಯ ಹಾಗೆ ಕಚ್ಚಿಕೊಂಡಿತ್ತು.

ಮೈಸೂರಿನಲ್ಲಿ ಪ್ರಮೀಳಾ ಎಂಬವರು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೊಂದನ್ನು ನಡೆಸುತ್ತಿದ್ದರು. ಅಲ್ಲಿ ಒಂದು ಜಾಗ ಖಾಲಿಯಿತ್ತು. "ಭಾನುವಾರ ಸಂಜೆಯೊಳಗೆ ಹೇಳಿಬಿಡಿ, ಇಲ್ಲದಿದ್ರೆ ಬೇರೆಯವರು ಕಾಯ್ತಿದ್ದಾರೆ" ಎಂದಿದ್ದರು. ಗಂಡ ಹೇಮಂತ್ "ನಿನ್ನಿಷ್ಟ ಕಣೆ" ಎಂದು ನುಣುಚಿಕೊಂಡಿದ್ದ.

ಪಾಲಹಳ್ಳಿಯ ತಮ್ಮ ಮನೆಯಲ್ಲೇ ಅತ್ತೆ ಸುಬ್ಬಮ್ಮ ಗಟ್ಟಿಮುಟ್ಟಾಗಿದ್ದರಲ್ಲ ಎಂದರೆ, ತೊಡಕು ಇದ್ದದ್ದೇ ಅಲ್ಲಿ. ಸುಬ್ಬಮ್ಮನಿಗೆ ಭಯವೆಂಬುದೇ ಇರಲಿಲ್ಲ. ಒಂದೂವರೆ ವರ್ಷದ ಕೀರ್ತನ ಹೊಸ್ತಿಲು ಎಡವಿ ಬಿದ್ದರೆ ಸ್ಪಂದನಳ ಜೀವ ಬಾಯಿಗೆ ಬರುತ್ತಿತ್ತು. ಅತ್ತೆ ಕೂತಲ್ಲಿಂದಲೇ "ಏಳವ್ವ, ನೆಲ ಎಲ್ಲಿಗೂ ಓಗಕಿಲ್ಲ" ಎನ್ನುತ್ತಿದ್ದರು. ಜ್ವರ ಬಂದರೆ "ಬತ್ತದೆ, ಓಯ್ತದೆ". ಇಷ್ಟು ನಿಶ್ಚಿಂತೆಯವರ ಕೈಗೆ ಮಗುವನ್ನು ಕೊಡುವುದು ಹೇಗೆ?

ಅದರ ಮೇಲೆ ಬಟ್ಟೆಯ ವಿಷಯ. ಹಾಸಿದ ಬಟ್ಟೆಯನ್ನು ಅವರು ಕೊಡವುತ್ತಲೇ ಇರಲಿಲ್ಲ. ನಾಲ್ಕು ಮೂಲೆಯನ್ನೂ ಒಳಕ್ಕೆ ಮಡಚಿ, ಧೂಳು, ಕಸದ ಸಮೇತ ಒಳಗೆ ತರುತ್ತಿದ್ದರು. ಮಾವ ನಾಗರಾಜಾಚಾರ್ ಅಕ್ಕಸಾಲಿಗರು. ಚಿನ್ನದ ಕೆಲಸ ಮಾಡುವ ಮನೆಯಲ್ಲಿ ಕಸವನ್ನು ಹೊರಗೆ ಎಸೆಯುವುದಿಲ್ಲ, ಒಳಕ್ಕೆ ಗುಡಿಸಿ, ಡಬ್ಬದಲ್ಲಿ ಕೂಡಿಟ್ಟು, ನೀರಿನಲ್ಲಿ ತೊಳೆದು ಚೂರುಪಾರು ಚಿನ್ನ ತೆಗೆಯುತ್ತಾರೆ. ಮಾವ ಹೋಗಿ ಎಷ್ಟೋ ವರ್ಷವಾಗಿ, ಅವರು ಕೂರುತ್ತಿದ್ದ ಜಾಗದಲ್ಲೀಗ ಹೇಮಂತನ ಬೈಕು ನಿಲ್ಲುತ್ತದೆ. ಸುಬ್ಬಮ್ಮ ಮಾತ್ರ ಇಂದಿಗೂ ಒಳಕ್ಕೇ ಗುಡಿಸುತ್ತಾರೆ. ಕೊಳೆ, ಕ್ರಿಮಿ ಎಂದು ಸ್ಪಂದನ ಒಳಗೊಳಗೇ ಕುದಿಯುತ್ತಿದ್ದಳು.

ಆ ಭಾನುವಾರ ಸೊಸೆ, ಮೊಮ್ಮಗಳನ್ನು ಸುಬ್ಬಮ್ಮನೇ ಹೊರಡಿಸಿದರು. ಅರಕೆರೆ ಕಡೆಯ ದಾರಿಯಲ್ಲಿ ರಾಜಮನೆತನದ ಹಳೆಯ ತೋಟದರಮನೆಯೊಂದನ್ನು ಜನರಿಗೆ ನೋಡಲು ತೆರೆದಿದ್ದರು. "ಗೇಟಿನ ಆಚೆ ನಿಂತಿದ್ದೀನಿ ಕಣವ್ವ, ಒಳಕ್ಕೆ ಓಗಿಲ್ಲ. ಒಂದ್ಸಲ ತೋರ್ಸು."

ಆಳೆತ್ತರದ ಕನ್ನಡಿ, ಬೀಟೆ ಮರದ ಮೆಟ್ಟಿಲು, ಗೋಡೆಯ ಮೇಲೆ ಕಡವೆಯ ಕೊಂಬು. ಸುಬ್ಬಮ್ಮ ಇವು ಯಾವುದರ ಮುಂದೆಯೂ ನಿಲ್ಲಲಿಲ್ಲ. ನೇರವಾಗಿ ದೇವರ ಕೋಣೆಯ ಬೆಳ್ಳಿ ಹೊದಿಸಿದ ಬಾಗಿಲಿಗೆ ಹೋಗಿ ಅಂಗೈ ಇಟ್ಟರು.

"ಏಯ್, ಮುಟ್ಬಾರ್ದು ಕಣಮ್ಮ!" ಕಾವಲಿನ ಚಿಕ್ಕಸ್ವಾಮಿ ಓಡಿಬಂದ.

"ನಮ್ಮ ಯಜಮಾನ್ರು ಮುಟ್ಟಿ ಮುಟ್ಟಿ ಮಾಡಿರೋದು ಕಣಣ್ಣ. ಸರಿಯಾಗೈತಾ ಅಂತ ನೋಡ್ದೆ."

ಹೊಸದಾಗಿ ಮದುವೆಯಾಗಿದ್ದಾಗ ಈ ಬಾಗಿಲಿನ ರಿಪೇರಿಗೆ ಗಂಡನನ್ನು ಕರೆಸಿದ್ದರಂತೆ. ಸುಬ್ಬಮ್ಮ ದಿನವೂ ಬುತ್ತಿ ತಂದು ಗೇಟಿನಲ್ಲಿ ಕಾಯುತ್ತಿದ್ದರಂತೆ. ಆತ ಬಿಳಿ ಪಂಚೆ ಹಾಸಿಕೊಂಡು ಕೂತು ಅರದಿಂದ ಬೆಳ್ಳಿ ಉಜ್ಜುವುದು, ಸಂಜೆ ನಾಲ್ಕು ಮೂಲೆ ಒಳಕ್ಕೆ ಮಡಚಿ ಬೆಳ್ಳಿಯ ಪುಡಿಯನ್ನೆಲ್ಲ ಅರಮನೆಯವರಿಗೆ ಒಪ್ಪಿಸಿ ಬರುವುದು. "ಪಂಚೆ ಕೊಡವ್ದೋನು ಕಳ್ಳ ಅನ್ನುಸ್ಕತಾನೆ ಅನ್ನೋರು" ಎಂದು ಸುಬ್ಬಮ್ಮ ನಕ್ಕರು. ಆ ಬಾಗಿಲಿನ ಬೆಳ್ಳಿ ಬಳ್ಳಿಯ ಒಂದು ಎಲೆ ಉಳಿದವುಗಳಿಗಿಂತ ಕೊಂಚ ದಪ್ಪಗಿತ್ತು. "ಅವರ ಕೈ ಇದು, ದಪ್ಪನೇ" ಎಂದರು.

ಅರಮನೆಯ ಹಿಂದೆ ಮಾವಿನ ತೋಪು. ನೆರಳಿನ ಹುಲ್ಲಿನ ಮೇಲೆ ಬಟ್ಟೆ ಹಾಸಿ ಬುತ್ತಿ ಬಿಚ್ಚಿದರು. ಕೀರ್ತನ ಕಡ್ಲೆಪುರಿ ಚೆಲ್ಲಾಡುತ್ತ ಅದರ ಮೇಲೇ ಉರುಳಾಡಿದಳು. ಮೂತಿ ಒರೆಸಲು ಸ್ಪಂದನ ಮಗುವಿನ ಮುಖ ತಿರುಗಿಸಿದಾಗ ಎಡಗಿವಿಯ ಓಲೆ ಜೋಲಾಡುತ್ತಿತ್ತು. ಹಿಂದಿನ ಚಿನ್ನದ ತಿರುಪು ಇರಲಿಲ್ಲ.

ಅದೇ ಹೊತ್ತಿಗೆ ಮಗು ಒಮ್ಮೆ ಕೆಮ್ಮಿತು.

"ಅತ್ತೆ! ನುಂಗಿಬಿಟ್ಟಿದ್ದಾಳೆ!" ಸ್ಪಂದನ ಮಗುವಿನ ಬಾಯಿಗೆ ಬೆರಳು ಹಾಕಿದಳು. ಮಗು ಕಚ್ಚಿತು. "ಆಸ್ಪತ್ರೆಗೆ ಹೋಗೋಣ, ಏಳಿ ಅತ್ತೆ, ಏಳಿ!"

"ಏಳ್ಬ್ಯಾಡ." ಸುಬ್ಬಮ್ಮ ಅವಳ ಮೊಣಕಾಲಿನ ಮೇಲೆ ಕೈಯೂರಿದರು. "ಮಗು ಆರಾಮಾಗಿ ಉಸ್ರಾಡ್ತಾವ್ಳೆ ನೋಡು. ಕೂತ ಬಟ್ಟೆ ಮೊದ್ಲು ನೋಡಾವ. ಇಲ್ಲಾಂದ್ರೆ ಆಸ್ಪತ್ರೆಗೇ ಓಗುವ."

ಅಷ್ಟರಲ್ಲಿ ಚಿಕ್ಕಸ್ವಾಮಿ ಮತ್ತೆ ಬಂದ. "ಇಲ್ಲಿ ಊಟ ಮಾಡಂಗಿಲ್ಲ. ಎದ್ದೇಳಿ, ಬಟ್ಟೆ ಕೊಡವ್ಕೊಂಡು ಓಗಿ."

"ಕೊಡವಾದಾ? ಮಗೀನ ತಿರುಪು ಬಿದ್ದೋಗೈತೆ ಕಣಪ್ಪ. ನೀನು ಆ ಕಾಲು ಅಲ್ಲೇ ಮಡಗು, ಮುಂದಕ್ಕೆ ಬರಬ್ಯಾಡ!"

ಚಿಕ್ಕಸ್ವಾಮಿ ಎತ್ತಿದ ಕಾಲನ್ನು ಇಳಿಸುವುದೋ ಬೇಡವೋ ತಿಳಿಯದೆ ಕೊಕ್ಕರೆಯ ಹಾಗೆ ನಿಂತ. ಸುಬ್ಬಮ್ಮ ಮಗುವಿನ ಲಂಗದ ನೆರಿಗೆಯನ್ನೆಲ್ಲ ಬಟ್ಟೆಯ ಮೇಲೇ ತಟ್ಟಿ, ಮಗುವನ್ನು ಸೊಸೆಯ ಮಡಿಲಿಗಿಟ್ಟು, ಇಬ್ಬರನ್ನೂ ಹುಲ್ಲಿಗೆ ಸರಿಸಿದರು. ನಾಲ್ಕು ಮೂಲೆಗಳು ಒಳಕ್ಕೆ ಬಂದವು. ಗಂಟನ್ನು ಎದೆಗವಚಿಕೊಂಡು ತೋಟದ ನಲ್ಲಿಯ ಹತ್ತಿರ ಹೋಗಿ, ಊಟದ ಡಬ್ಬಿಗೆ ಎಲ್ಲವನ್ನೂ ಸುರಿದು ನೀರು ಬಿಟ್ಟರು. ಕಡ್ಲೆಪುರಿ ತೇಲಿತು, ಒಣಹುಲ್ಲು ತೇಲಿತು. ಡಬ್ಬಿಯನ್ನು ತೂಗಾಡಿಸುತ್ತ ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿದರು. ಮತ್ತೆ ನೀರು, ಮತ್ತೆ ಬಗ್ಗಿಸುವುದು. ತಳದಲ್ಲಿ ಒಂದಿಷ್ಟು ಮಣ್ಣು, ಒಂದು ಒಗ್ಗರಣೆಯ ಸಾಸಿವೆ, ಅದರ ಪಕ್ಕದಲ್ಲಿ ಸಾಸಿವೆಗಿಂತ ಕೊಂಚ ದೊಡ್ಡದಾಗಿ ಹಳದಿಯ ಮಿಣುಕು.

"ಸಿಕ್ತಾ?" ಎಂದು ಮೊದಲು ಕೇಳಿದವನು ಚಿಕ್ಕಸ್ವಾಮಿ.

ಸ್ಪಂದನ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಅಳು, ನಗು ಎರಡೂ ಒಟ್ಟಿಗೇ ಬಂದವು. ಆಮೇಲೆ ನೋಡಿದಳು: ತಿರುಪು ಹಾಕಲು ಹೋದ ಅತ್ತೆಯ ಬೆರಳು ಗಡಗಡ ನಡುಗುತ್ತಿತ್ತು, ತಿರುಪು ಓಲೆಯ ಕಡ್ಡಿಗೆ ಸೇರುತ್ತಲೇ ಇರಲಿಲ್ಲ.

"ಅತ್ತೆ, ನಿಮಗೂ ಭಯ ಆಯ್ತಾ?"

"ಆಗ್ದೆ ಇರ್ತದಾ? ಎದೆ ಡವಡವ ಅಂತೈತೆ, ಮುಟ್ನೋಡು. ನೀನು ಎದ್ರಿಕಂಡಿದ್ದೀಯ, ನಾನೂ ಬಾಯ್ಬಡ್ಕಂಡ್ರೆ ಮಗೀಗೆ ಯಾರು ಗತಿ? ಅದ್ಕೇ ಗಟ್ಟಿ ಮಾತಾಡಾದು." ನಾಚಿಕೊಂಡವರ ಹಾಗೆ ಹೇಳಿದರು: "ನಿಮ್ಮ ರೂಮಿನ ಬಾಗ್ಲು ತೆಗ್ದಿದ್ರೆ ಬಂದು, ಮಲಗಿರೋ ಮಗೀನ ಮೂಗಿನತ್ರ ಕೈ ಮಡಗಿ ಉಸ್ರು ನೋಡ್ಕಂಡು ಓಯ್ತೀನಿ. ನೀನು ಬೈತೀಯ ಅಂತ ಏಳಿರ್ನಿಲ್ಲ."

ಅದೇ ಕೆಲಸವನ್ನು ಸ್ಪಂದನಳೂ ದಿನಾ ಮಾಡುತ್ತಿದ್ದಳು, ಹೇಮಂತ್ ನಗುತ್ತಾನೆಂದು ಕದ್ದುಮುಚ್ಚಿ. ಹಾಗಾದರೆ ಹೆದರುವವಳು ತಾನೊಬ್ಬಳೇ ಅಲ್ಲ. ಎದೆಯ ಮೇಲಿನ ಭಾರವನ್ನು ಯಾರೋ ಇಳಿಸಿಕೊಂಡ ಹಾಗಾಯಿತು.

ಗೇಟಿನಿಂದ ಹೊರಬಂದು ಬಸ್ಸಿಗೆ ಕಾಯುವಾಗ ಕೀರ್ತನ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಸುಬ್ಬಮ್ಮನ ಕೈ ಆಗಾಗ ಮಗುವಿನ ಎಡಗಿವಿಯನ್ನು ಮುಟ್ಟಿ ನೋಡುತ್ತಿತ್ತು. ಸ್ಪಂದನ ಒಂದಿಷ್ಟು ದೂರ ಹೋಗಿ ಫೋನು ತೆಗೆದಳು.

"ಪ್ರಮೀಳಾ ಅವರೇ, ನಾನು ಸ್ಪಂದನ. ಆ ಜಾಗ ಬೇರೆಯವರಿಗೆ ಕೊಟ್ಟುಬಿಡಿ."

"ಹೌದಾ? ಮಗೂನ ಯಾರು ನೋಡ್ಕೋತಾರೆ ಹಾಗಾದ್ರೆ?"

"ನಮ್ಮತ್ತೆ. ನನಗಿಂತ ಜಾಸ್ತಿ ಹೆದರ್ತಾರೆ."