ಪ್ಲಸ್ ಚಿಹ್ನೆಗೆ ಹೆದರುವ ಮಾಸ್ತರರು
ಮಾಳಮಡ್ಡಿಯ ಸಂಜೆಯ ಕಂಪ್ಯೂಟರ್ ತರಗತಿಯಲ್ಲಿ ಕಲಿಸುವ ಶಾಂತಯ್ಯ ಮಾಸ್ತರರು ಹಾವಿಗೆ ಹೆದರುವವರಲ್ಲ, ಪ್ಲಸ್ ಚಿಹ್ನೆಗೆ ಹೆದರುತ್ತಾರೆ. ಅದನ್ನು ಹಲಗೆಯ ಮೇಲೆ ಬರೆದೊಡನೆ ಎರಡು ಹೆಜ್ಜೆ ಹಿಂದೆ ಸರಿದು, "ಇದಕ್ಕ ಎರಡು ನಾಲಿಗಿ ಅದಾವ್ರಿ. ಎರಡೂ ಕಡೆ ಅಂಕಿ ಇದ್ರ ಕೂಡಸ್ತೈತಿ, ಅಕ್ಷರ ಇದ್ರ ಒಂದರ ಪಕ್ಕ ಒಂದು ಜೋಡಸ್ತೈತಿ. ಒಂದು ಅಂಕಿ, ಒಂದು ಅಕ್ಷರ ಇದ್ರ ಅಂಕಿನೂ ಸುಮ್ಮನ ಅಕ್ಷರ ಮಾಡ್ಕೊಂತೈತಿ, ಯಾರನ್ನೂ ಕೇಳೂದಿಲ್ಲ" ಎನ್ನುತ್ತಾರೆ. ಚಹಾದಂಗಡಿಯಲ್ಲಿಯೂ "ಎರಡು ಚಹಾ, ಅಂಕಿ ಎರಡು" ಎಂದೇ ಕೇಳುತ್ತಾರೆ. ಅಂಗಡಿಯ ರತ್ನವ್ವ, "ಅಕ್ಷರ ಸೋಸಾಕ ನನಗ ಬರೂದಿಲ್ರಿ ಮಾಸ್ತರ" ಎಂದು ಹಂಗಿಸುತ್ತಾಳೆ. ಐವತ್ತು ದಾಟಿ ಕಲಿಯಲು ಬಂದ ನನಗೆ ಈ ಹೆದರಿಕೆ ವಿದ್ಯಾವಂತರಿಗೆ ತಕ್ಕುದಲ್ಲವೆನಿಸಿತ್ತು. ಒಂದು ಸಂಜೆ ಎದ್ದು ನಿಂತು, "ತಪ್ಪಾದ್ರ ಯಂತ್ರನ ಹೇಳ್ತೈತಲ್ರಿ, ನೀವ್ಯಾಕ ಅಂಜ್ತೀರಿ?" ಎಂದು ಕೇಳಿಯೇ ಬಿಟ್ಟೆ. ಅವರು ಜೇಬಿನಿಂದ ಮಾಸಿದ ಗುಳಿಗೆಯ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. "ಇದನ್ನ ಮುದ್ರಿಸೋ ಪ್ರೋಗ್ರಾಮ್ ನಾನ ಬರದದ್ದುರಿ. ಮುಂಜಾನಿ ಒಂದು, ಅದು ಅಂಕಿ. ಸಂಜಿಗೆ ಒಂದು, ಅದು ಅಕ್ಷರಾಗಿ ಕುಂತಿತ್ತು. ಎರಡಾಗೂ ಬದ್ಲಿ ದಿನಕ್ಕ ಹನ್ನೊಂದು ಅಂತ ಬಂತು, ಯಂತ್ರ ಒಂದು ಮಾತು ಆಡ್ಲಿಲ್ಲ." ನಾನು ಚೀಟಿಯನ್ನು ಬೆಳಕಿಗೆ ಹಿಡಿದೆ. ಚೀಟಿಯ ತಲೆಯ ಮೇಲೆ ಹೆಣ್ಣುಮಗಳೊಬ್ಬಳ ಹೆಸರಿತ್ತು. "ನಮ್ಮವ್ವರಿ," ಎಂದರು ಮಾಸ್ತರರು. "ಮಗಾ ಮಾಡಿದ ಚೀಟಿ ತಪ್ಪಿರೂದಿಲ್ಲ ಅಂತ ಹನ್ನೊಂದೂ ನುಂಗಿದ್ಲು."