ಹುಳುಮನೆಯ ಕಿಟಕಿಯಲ್ಲಿ ತಪಾಸಣೆ

ಮಂಚೇನಹಳ್ಳಿಯಲ್ಲಿ ಬೆಳಗ್ಗೆ ಆರೂವರೆಯ ಬಸ್ಸು ಹತ್ತಿದೆ. ಸೊಂಟದಲ್ಲಿ ಎಲೆಅಡಿಕೆ ಚೀಲ, ಮಡಿಲಲ್ಲಿ ನಿಪ್ಪಟ್ಟಿನ ಡಬ್ಬಿ. ಮೊಮ್ಮಗಳು ಭಾಗ್ಯ ಶಿಡ್ಲಘಟ್ಟದಾಚೆ, ಚಿಂತಾಮಣಿ ರಸ್ತೆಯ ಒಂದು ಹಳ್ಳಿಯಲ್ಲಿ ಟೀಚರ್. ಸೇರಿ ಎರಡು ವರ್ಷವಾದರೂ ಕೆಲಸ ಖಾಯಂ ಆಗಿರಲಿಲ್ಲ. "ಗುರುವಾರ ಇನ್‌ಸ್ಪೆಕ್ಟರ್ ಬರ್ತಾರೆ. ಹೊಸ ಫಾರಂನಲ್ಲಿ ನನಗೇ ಅಂಕ ಹಾಕ್ತಾರೆ, ಭಯ ಆಗ್ತಿದೆ ಅಜ್ಜಿ" ಎಂದು ಕಾಗದ ಬರೆದಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹೋಗಿ ಮಾಡುವುದೇನು? ಆದರೂ ಹೊರಟೆ. ನಮ್ಮ ವಂಶದಲ್ಲಿ ಬೋರ್ಡಿನ ಮುಂದೆ ನಿಂತ ಮೊದಲ ಹೆಣ್ಣು, ನೋಡಬೇಡವೇ!

ಪಕ್ಕದಲ್ಲಿ ಒಬ್ಬ ಮೇಷ್ಟ್ರು ಕೂತಿದ್ದರು. ಆ ಹೊಸ ಫಾರಂ ಬೇಡವೆಂದು ಚಿಕ್ಕಬಳ್ಳಾಪುರದಲ್ಲಿ ಅರ್ಜಿ ಕೊಡಲು ಸಂಘದ ಪರವಾಗಿ ಹೊರಟಿದ್ದರಂತೆ.

"ದಿಲ್ಲೀಲಿ ಕೂತು ಫಾರಂ ಮಾಡ್ತಾರೆ, ಇಲ್ಲಿ ತಲೆ ಎಣಿಸ್ತಾರೆ. ಮಕ್ಕಳು ಬರ್ಲಿಲ್ಲ ಅಂದ್ರೆ ನಮ್ಮ ಅಂಕ ಕಟ್. ಮಳೆ ಬರ್ಲಿಲ್ಲ ಅಂತ ನೇಗಿಲಿಗೆ ಬೈದಂಗಾಯ್ತು ಅಜ್ಜಿ" ಎಂದರು.

"ಹಂಗಂತ ಯಾರೂ ಕೇಳ್ಲೇಬಾರ್ದಾ? ನಮ್ಮೂರ ಮೇಷ್ಟ್ರು ನಂಗೆ ಒಂದು ವರ್ಷ ಅವರ ಹಸು ಕಟ್ಟೋದನ್ನೇ ಕಲಿಸಿದ್ರು ಕಣಪ್ಪ!"

ಬಸ್ಸೆಲ್ಲ ನಕ್ಕಿತು. ಅವರೂ ನಕ್ಕರು. "ಕೇಳ್ಲಿ. ಕಣ್ಣಾರೆ ನೋಡಿ ಕೇಳ್ಲಿ" ಎಂದರು.

ಚಿಕ್ಕಬಳ್ಳಾಪುರದಲ್ಲಿ ಚಳಿಗೆ ಎರಡು ಬಿಸಿ ಇಡ್ಲಿ ತಿಂದು ಬಸ್ಸು ಬದಲಾಯಿಸಿದೆ. ಶಿಡ್ಲಘಟ್ಟ ಹತ್ತಿರವಾದಂತೆ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯೊಳಗೆ ನುಗ್ಗಿತು. ಅಲ್ಲಿಂದ ಚಿಂತಾಮಣಿ ಬಸ್ಸು, ಆಮೇಲೆ ಹಿಪ್ಪುನೇರಳೆ ತೋಟಗಳ ನಡುವೆ ಎರಡು ಮೈಲಿ ನಡಿಗೆ.

ಶಾಲೆ ಮುಟ್ಟಿದಾಗ ಇನ್‌ಸ್ಪೆಕ್ಟರು ಆಗಲೇ ಬಂದು ಕುರ್ಚಿಯಲ್ಲಿದ್ದರು. ಮೂವತ್ತೆರಡು ಮಕ್ಕಳಲ್ಲಿ ಇದ್ದದ್ದು ಹನ್ನೊಂದು. ಭಾಗ್ಯಳ ಮುಖ ಸುಣ್ಣದಂತಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಊರಲ್ಲಿ ರೇಷ್ಮೆಹುಳು ಹಣ್ಣಾಗಿದೆ ಸಾರ್, ಮಿಕ್ಕ ಮಕ್ಕಳೆಲ್ಲ ಹುಳುಮನೇಲಿ ಕೆಲಸಕ್ಕಿದಾರೆ. ಗೂಡು ಕಟ್ಟೋಕೆ ಇವತ್ತೇ ಚಂದ್ರಿಕೆಗೆ ಬಿಡ್ಬೇಕು, ನಾಳೆಗೆ ಕಾಯಲ್ಲ. ಈ ಪಾಠ ಭಾನುವಾರ ಮಾಡ್ತೀನಿ. ಮಕ್ಕಳನ್ನ ನೋಡ್ಬೇಕಂದ್ರೆ ಅಲ್ಲಿಗೇ ಹೋಗಣ."

ನಾನೂ ಹಿಂದೆಯೇ ನಡೆದೆ. ಹುಳುಮನೆಯ ಬಾಗಿಲಲ್ಲಿ ಯಜಮಾನಿ ಚಿನ್ನಮ್ಮ ಅಡ್ಡ ನಿಂತಳು. "ಅಕ್ಕಡೇ ಉಂಡಂಡಿ, ಅಲ್ಲೇ ನಿಲ್ಲಿ! ಅಜ್ಜೀ, ಸೊಂಟದಲ್ಲಿ ಏನು, ಹೊಗೆಸೊಪ್ಪಾ? ಅದರ ಗಾಳಿ ತಾಕಿದ್ರೂ ಹುಳು ಸಾಯ್ತವೆ. ಸ್ವಾಮಿ, ನಿಮ್ಮ ಜೇಬಲ್ಲಿ?"

ಇನ್‌ಸ್ಪೆಕ್ಟರ ಜೇಬಿನಲ್ಲಿ ಬೀಡಿ ಕಟ್ಟು! ಎರಡನ್ನೂ ಹೊರಗಿನ ಕಲ್ಲಿನ ಮೇಲೆ ಇಡಿಸಿದಳು. ಆದರೂ ಬಿಡಲಿಲ್ಲ. "ಕೈಗೆ ಅಂಟಿರುತ್ತೆ, ಕಿಟಕೀಲಿ ನೋಡಿ." ಹೀಗೆ ಸರ್ಕಾರವೂ ನಾನೂ ಒಂದೇ ಕಿಟಕಿಗೆ ಮೂತಿ ಇಟ್ಟು ನಿಂತೆವು.

ಒಳಗೆ ಮಕ್ಕಳು ಹೊಳೆಯುವ ಹುಳುಗಳನ್ನು ಆರಿಸಿ, ಚಂದ್ರಿಕೆಗಳಿಗೆ, ಅಂದರೆ ಸುರುಳಿ ಬಿದಿರಿನ ತಟ್ಟೆಗಳಿಗೆ, ಬಿಡುತ್ತಿದ್ದರು. ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಏಯ್ ಮಗೂ, ಚಂದ್ರಿಕೆಗೆ ಸಾವಿರ ಹುಳು ಬಿಟ್ರೆ ಹದಿನೆಂಟಕ್ಕೆ ಎಷ್ಟು?"

"ಹದಿನೆಂಟು ಸಾವಿರ ಸಾರ್" ಎಂದಳು ಮೋಟುಜಡೆಯ ಹುಡುಗಿ, ಕೈ ನಿಲ್ಲಿಸದೆ. "ಆದ್ರೆ ಅಷ್ಟು ಬಿಡಬಾರ್ದು. ಒತ್ತಾದ್ರೆ ಜೋಡಿಗೂಡು ಆಗುತ್ತೆ, ರೇಷ್ಮೆ ಸರಿಯಾಗಿ ಬಿಚ್ಚಲ್ಲ. ನಾವು ಬಿಡೋದು ಎಂಟುನೂರು. ಹದಿನಾಲ್ಕು ಸಾವಿರದ ನಾನೂರು."

"ಯಾರು ಹೇಳಿಕೊಟ್ಟಿದ್ದು?"

"ಹುಳು ನಮ್ಮವ್ವ. ಲೆಕ್ಕ ಟೀಚರ್."

ನನಗೆ ತಡೆಯಲಾಗಲಿಲ್ಲ. "ಕೇಳಿದ್ರಾ ಸ್ವಾಮಿ!" ಎಂದು ಅವರ ತೋಳನ್ನೇ ತಿವಿದುಬಿಟ್ಟೆ. ಭಾಗ್ಯ ತಲೆ ಚಚ್ಚಿಕೊಂಡಳು.

"ಫಾರಂನಲ್ಲಿ ಹುಳುಮನೆಗೆ ಕಾಲಂ ಇಲ್ಲಮ್ಮ" ಎಂದು ಸಾಹೇಬರು ಗೊಣಗಿದರು. ಹಾಜರಿಯ ಕಾಲಂನಲ್ಲಿ ಹನ್ನೊಂದು ಎಂದೇ ಬರೆದರು. ಆಮೇಲೆ ಪುಟ ತಿರುಗಿಸಿ, ಖಾಲಿ ಜಾಗದಲ್ಲಿ ತುಂಬ ಹೊತ್ತು ಬರೆದರು. ನಾನು ಅಕ್ಷರ ಕೂಡಿಸಿಕೊಂಡು ಕೊನೆಯ ಸಾಲು ಓದಿದೆ: "ಖಾಯಂ ಮಾಡಬಹುದು." ನಿಪ್ಪಟ್ಟಿನ ಡಬ್ಬಿ ಅಲ್ಲೇ ಬರಿದಾಯಿತು, ಅವರೇ ನಾಲ್ಕು ತಿಂದರು.

ಸಂಜೆ ಚಿಕ್ಕಬಳ್ಳಾಪುರದಲ್ಲಿ ಅದೇ ಮೇಷ್ಟ್ರು ಸಿಕ್ಕರು. ಎಲ್ಲ ಕೇಳಿ ತಲೆಯಾಡಿಸಿದರು. "ಮೇಲಿನೋರು ಕಾಲಂ ನೋಡ್ತಾರೆ ಅಜ್ಜಿ. ಹಿಂದಿನ ಪುಟ ಯಾರು ಓದ್ತಾರೆ?"

"ಓದೋದು ಕಲಿಸೋರು ನೀವಲ್ವೇನಪ್ಪ? ಓದಿಸಿ! ಇಲ್ದಿದ್ರೆ ನಿಮ್ಗೆ ನಾನೇ ಅಂಕ ಹಾಕ್ತೀನಿ."

ಅವರು ನಗಲಿಲ್ಲ. ಅರ್ಜಿಯ ನಕಲು ತೆಗೆದು, ಅದರ ಬೆನ್ನಿಗೆ ಭಾಗ್ಯಳ ಹೆಸರು, ಹಳ್ಳಿಯ ಹೆಸರು ಬರೆದುಕೊಂಡರು. ಬಸ್ಸು ಹೊರಟಿತು. ಎಲೆಅಡಿಕೆ ಹಾಕೋಣವೆಂದು ಸೊಂಟ ತಡವಿದರೆ ಚೀಲವಿಲ್ಲ. ಆ ಕಲ್ಲಿನ ಮೇಲೇ ಬಿಟ್ಟು ಬಂದಿದ್ದೆ. ಮಂಚೇನಹಳ್ಳಿಯ ತನಕ ಬರೀ ಬಾಯಲ್ಲಿ ನಗುತ್ತಾ ಬಂದೆ.